ಇಎಸ್‌ಐಯೋ, ಖಾಸಗಿ ಮೆಡಿಕ್ಲೇಮೋ: ಹತ್ತಿಪ್ಪತ್ತು ಮಂದಿಯ ಉದ್ಯಮಕ್ಕೊಂದು ಹೋಲಿಕೆ

ಬೆಂಗಳೂರಿನಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ಕೆಲಸ ಕೊಟ್ಟಿರುವ ಸಣ್ಣ ಉದ್ಯಮಿಗಳ ನಡುವೆ ಆರೋಗ್ಯ ವಿಮೆಯ ಮಾತು ಬಂದಾಗಲೆಲ್ಲ ಚರ್ಚೆ ಆಸ್ಪತ್ರೆಯ ಮೇಲೆಯೇ ಬಂದು ನಿಲ್ಲುತ್ತದೆ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಆಸ್ಪತ್ರೆಯಲ್ಲಿ ಸರತಿ ಉದ್ದ, ಖಾಸಗಿ ಆಸ್ಪತ್ರೆಯಲ್ಲಿ ಕೋಣೆ ಚೆನ್ನ, ಆದ್ದರಿಂದ ಖಾಸಗಿ ವಿಮೆಯೇ ಮೇಲು ಎಂಬ ತೀರ್ಮಾನಕ್ಕೆ ಐದು ನಿಮಿಷವೂ ಬೇಕಾಗುವುದಿಲ್ಲ. ಪೀಣ್ಯದಲ್ಲಿ ಜಾಬ್‌ವರ್ಕ್ ಮಾಡುವ ಸಣ್ಣ ಮೆಷಿನ್ ಶಾಪ್ ನಡೆಸುವವನಾಗಿ ನನ್ನ ಅಭಿಪ್ರಾಯ ಬೇರೆ. ಕೆಲಸಗಾರನೊಬ್ಬ ಹಾಸಿಗೆ ಹಿಡಿದಾಗ ಅವನ ಮನೆಗೆ ಎರಡು ಪೆಟ್ಟು ಬೀಳುತ್ತವೆ: ಆಸ್ಪತ್ರೆಯ ಬಿಲ್ಲು ಮತ್ತು ನಿಂತುಹೋದ ಸಂಬಳ. ಖಾಸಗಿ ಮೆಡಿಕ್ಲೇಮ್ ಮೊದಲನೆಯದನ್ನು ಮಾತ್ರ ನೋಡುತ್ತದೆ, ಇಎಸ್‌ಐ ಎರಡನ್ನೂ ನೋಡುತ್ತದೆ. ಇದನ್ನು ಬದಿಗಿಟ್ಟು ಮೆಡಿಕ್ಲೇಮ್ ಪ್ರೀಮಿಯಮ್ಮನ್ನೂ ಇಎಸ್‌ಐ ವಂತಿಗೆಯನ್ನೂ ಅಕ್ಕಪಕ್ಕ ಬರೆದು ಲೆಕ್ಕ ಹಾಕಿದರೆ ಸಿಗುವ ಉತ್ತರ ಎಷ್ಟೇ ಅಚ್ಚುಕಟ್ಟಾಗಿ ಕಂಡರೂ ಉಪಯೋಗಕ್ಕೆ ಬಾರದು.

ಹೋಲಿಕೆಗೆ ಇಳಿಯುವ ಮುನ್ನ ‘ಸರ್ಕಾರಿ ವಿಮೆ’ ಎಂದರೆ ಯಾವುದು ಎಂಬುದನ್ನು ಬಿಡಿಸಿಕೊಳ್ಳಬೇಕು. ನ್ಯೂ ಇಂಡಿಯಾ, ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಈ ನಾಲ್ಕು ಕಂಪನಿಗಳು ಸರ್ಕಾರದ ಒಡೆತನದವು; ಆದರೆ ಅವು ಮಾರುವುದು ಮಾರುಕಟ್ಟೆಯ ಮೆಡಿಕ್ಲೇಮ್ ಪಾಲಿಸಿಯನ್ನೇ, ಖಾಸಗಿ ಕಂಪನಿಗಳಿಗೆ ಅನ್ವಯಿಸುವ ನಿಯಮಗಳೇ ಅವಕ್ಕೂ ಅನ್ವಯಿಸುತ್ತವೆ. ಈ ಬರಹದ ಮಟ್ಟಿಗೆ ಅವೂ ಖಾಸಗಿ ಸಾಲಿನಲ್ಲಿಯೇ ಕೂರುತ್ತವೆ. ಸಾರ್ವಜನಿಕ ವಿಮೆ ಎಂದು ನಾನು ಕರೆಯುತ್ತಿರುವುದು ಮುಖ್ಯವಾಗಿ 1948ರ ಕಾಯ್ದೆಯಿಂದ ಹುಟ್ಟಿ, 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾಗಿ, 1958ರಲ್ಲಿ ಬೆಂಗಳೂರಿಗೆ ಬಂದ ಕಾರ್ಮಿಕರ ರಾಜ್ಯ ವಿಮಾ ಯೋಜನೆಯನ್ನು; ಅದರ ವ್ಯಾಪ್ತಿಗೆ ಬಾರದವರ ಪಾಲಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು.

ಆಯ್ಕೆ ಇರುವುದು ಎಲ್ಲಿ

ಎಷ್ಟೋ ಮಾಲೀಕರು ಇಎಸ್‌ಐಯನ್ನು ಬೇಕಿದ್ದರೆ ತೆಗೆದುಕೊಳ್ಳಬಹುದಾದ ಒಂದು ಸೌಲಭ್ಯವೆಂದು ತಿಳಿದಿದ್ದಾರೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಾರ್ಖಾನೆ, ಅಂಗಡಿ, ಹೋಟೆಲುಗಳಿಗೆ ಅದು ಕಡ್ಡಾಯ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರೆಲ್ಲರೂ ಅದರೊಳಗೆ ಬರುತ್ತಾರೆ. ಈ ಮಿತಿ 2017ರ ಜನವರಿಯಿಂದ ಹೀಗಿದೆ. ಅಂಗವೈಕಲ್ಯ ಇರುವವರಿಗೆ 25,000. ಹತ್ತರ ಎಣಿಕೆಯಲ್ಲಿ ಮಿತಿಗಿಂತ ಹೆಚ್ಚು ಸಂಬಳದವರೂ ಸೇರುತ್ತಾರೆ, ಆದರೆ ವಂತಿಗೆ ಕಟ್ಟಬೇಕಾದದ್ದು ಮಿತಿಯೊಳಗಿನವರಿಗೆ ಮಾತ್ರ. ಒಮ್ಮೆ ವ್ಯಾಪ್ತಿಗೆ ಬಂದ ಸಂಸ್ಥೆಯಲ್ಲಿ ಮುಂದೆ ಎಂಟೇ ಮಂದಿ ಉಳಿದರೂ ಅದು ವ್ಯಾಪ್ತಿಯಿಂದ ಹೊರಬರುವುದಿಲ್ಲ. ‘ನಮ್ಮ ಹುಡುಗರಿಗೆ ನಾವು ಒಳ್ಳೆಯ ಮೆಡಿಕ್ಲೇಮ್ ಮಾಡಿಸಿದ್ದೇವೆ, ಇಎಸ್‌ಐ ಏಕೆ’ ಎಂಬ ವಾದವನ್ನು ಕಾನೂನು ತಾನಾಗಿ ಒಪ್ಪುವುದಿಲ್ಲ.

ಆದ್ದರಿಂದ ನಿಜವಾದ ಆಯ್ಕೆ ಉಳಿಯುವುದು ನಾಲ್ಕು ಬಗೆಯ ಜನರ ವಿಷಯದಲ್ಲಿ ಮಾತ್ರ: 21,000ದ ಗೆರೆ ದಾಟಿದ ಸೂಪರ್‌ವೈಸರ್ ಮತ್ತು ನುರಿತ ಆಪರೇಟರ್, ಹತ್ತಕ್ಕಿಂತ ಕಡಿಮೆ ಮಂದಿ ಇರುವ ಸಂಸ್ಥೆಯ ಕೆಲಸಗಾರರು, ಇಎಸ್‌ಐ ಇದ್ದೂ ಮೇಲೊಂದು ರಕ್ಷಣೆ ಬಯಸುವವರು, ಮತ್ತು ಮಾಲೀಕ. ಈ ಕೊನೆಯವನನ್ನು ಎಲ್ಲರೂ ಮರೆಯುತ್ತಾರೆ, ಅವನೂ ಸೇರಿದಂತೆ.

ವಂತಿಗೆಗೆ ಪ್ರತಿಯಾಗಿ ಸಿಗುವುದು

2019ರ ಜುಲೈಯಿಂದ ಮಾಲೀಕನ ಪಾಲು ವೇತನದ ಶೇ 3.25, ಕೆಲಸಗಾರನ ಪಾಲು ಶೇ 0.75. ತಿಂಗಳಿಗೆ 18,000 ರೂಪಾಯಿ ಪಡೆಯುವ ಆಪರೇಟರ್ ಒಬ್ಬನಿಗೆ ನಾನು ಕಟ್ಟುವುದು 585 ರೂಪಾಯಿ, ಅವನಿಂದ ಮುರಿದುಕೊಳ್ಳುವುದು 135. ಎರಡೂ ಸೇರಿ ತಿಂಗಳಿಗೆ 720, ವರ್ಷಕ್ಕೆ 8,640. ಅಂಥ ಹತ್ತು ಮಂದಿ ಇದ್ದರೆ ನನ್ನ ಪಾಲೇ ವರ್ಷಕ್ಕೆ 70,200 ಆಗುತ್ತದೆ. ಇದು ಸಣ್ಣ ಮೊತ್ತವಲ್ಲ. ಗುಂಪು ವಿಮೆ ಮಾರಲು ಬರುವ ಏಜೆಂಟರು ಇದನ್ನೇ ಎತ್ತಿ ತೋರಿಸಿ, ಇದಕ್ಕಿಂತ ಕಡಿಮೆಗೆ ಮೂರು ಲಕ್ಷದ ಪಾಲಿಸಿ ಕೊಡುತ್ತೇವೆ ಎನ್ನುತ್ತಾರೆ. ಎಳೆಯ ವಯಸ್ಸಿನವರೇ ತುಂಬಿರುವ ಗುಂಪಿಗೆ ಅವರ ಮಾತು ಸುಳ್ಳೂ ಇರಲಾರದು.

ಆದರೆ ಆ 720 ರೂಪಾಯಿ ಏನನ್ನೆಲ್ಲ ಹೊರುತ್ತದೆ ಎಂದು ನೋಡಬೇಕು. ಕಾಯಿಲೆ ಬಿದ್ದು ರಜೆ ಹಾಕಿದರೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ 70ರಷ್ಟು ನಗದು ಸಿಗುತ್ತದೆ. ಇದಕ್ಕೆ ಸಂಬಂಧಪಟ್ಟ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿರಬೇಕು. ಮೇಲಿನ ಆಪರೇಟರನ ದಿನದ ವೇತನವನ್ನು 600 ಎಂದು ಹಿಡಿದರೆ ಅವನಿಗೆ ದಿನಕ್ಕೆ ಸುಮಾರು 420 ರೂಪಾಯಿ ಬರುತ್ತದೆ. ಕ್ಷಯ, ಕ್ಯಾನ್ಸರ್‌ನಂಥ ದೀರ್ಘಕಾಲದ ಕಾಯಿಲೆಗಳ ಪಟ್ಟಿಯೊಂದಿದ್ದು, ಅವುಗಳಿಗೆ ಎರಡು ವರ್ಷಗಳವರೆಗೆ ಶೇ 80 ಸಿಗುತ್ತದೆ. ಹೆಣ್ಣುಮಕ್ಕಳಿಗೆ ಹೆರಿಗೆಯ 26 ವಾರ ಪೂರ್ತಿ ವೇತನ. ಈ ಕೊನೆಯದರ ಬೆಲೆ ಮಾಲೀಕರಿಗೆ ಅರ್ಥವಾಗುವುದು ಲೆಕ್ಕ ಮಾಡಿದಾಗಲೇ: ದಿನಕ್ಕೆ 600ರಂತೆ 182 ದಿನಗಳಿಗೆ 1,09,200 ರೂಪಾಯಿ. ಇಎಸ್‌ಐ ಇದ್ದರೆ ಇದನ್ನು ಯೋಜನೆ ನಡೆಸುವ ಇಎಸ್‌ಐ ನಿಗಮ ಭರಿಸುತ್ತದೆ. ಇಎಸ್‌ಐ ವ್ಯಾಪ್ತಿಯಿಂದ ಹೊರಗಿರುವ ಮಹಿಳೆಗೆ, ಸಂಸ್ಥೆಯಲ್ಲಿ ಹತ್ತು ಮಂದಿ ಇದ್ದರೆ, ಹೆರಿಗೆ ಸೌಲಭ್ಯದ ಕಾನೂನಿನಡಿ ಮಾಲೀಕನೇ ಕೊಡಬೇಕು. ಖಾಸಗಿ ಗುಂಪು ಪಾಲಿಸಿಯಲ್ಲಿ ಹೆರಿಗೆ ಸೇರಿದೆ ಎಂದರೆ ಆಸ್ಪತ್ರೆಯ ಬಿಲ್ಲಿನ ಒಂದು ಮಿತಿಯವರೆಗೆ ಎಂದಷ್ಟೇ ಅರ್ಥ. ಆ ಆರು ತಿಂಗಳ ಸಂಬಳದ ಮಾತನ್ನು ಅದು ಎತ್ತುವುದೇ ಇಲ್ಲ.

ಯಂತ್ರಗಳ ನಡುವೆ ದುಡಿಸುವವರಿಗೆ ಇದಕ್ಕಿಂತಲೂ ದೊಡ್ಡ ವಿಷಯ ಅಪಘಾತ. ಪವರ್ ಪ್ರೆಸ್ಸಿನಲ್ಲಿ ಬೆರಳು ಸಿಕ್ಕಿಕೊಂಡರೆ, ಅಥವಾ ದಾಸರಹಳ್ಳಿಯಿಂದ ಕೆಲಸಕ್ಕೆ ಬರುವ ದಾರಿಯಲ್ಲಿ ಕೆಲಸದ ಸಂಬಂಧವಾಗಿಯೇ ಬೈಕು ಅಪಘಾತವಾದರೆ, ಇಎಸ್‌ಐಯಲ್ಲಿ ಗುಣವಾಗುವವರೆಗೆ ವೇತನದ ಶೇ 90 ಸಿಗುತ್ತದೆ. ಶಾಶ್ವತ ಊನವಾದರೆ ಊನದ ಪ್ರಮಾಣಕ್ಕೆ ತಕ್ಕಂತೆ ಜೀವಮಾನವಿಡೀ ಹಣ ಬರುತ್ತದೆ; ಜೀವವೇ ಹೋದರೆ ಅವಲಂಬಿತರಿಗೆ ಮಾಸಿಕ ಪಿಂಚಣಿ. ಇಎಸ್‌ಐ ವ್ಯಾಪ್ತಿಯಲ್ಲಿರುವ ಕೆಲಸಗಾರನ ಅಪಘಾತಕ್ಕೆ ಮಾಲೀಕ ಪ್ರತ್ಯೇಕವಾಗಿ ಪರಿಹಾರ ಕೊಡುವ ಹೊಣೆಯಿಂದ ಮುಕ್ತನಾಗುತ್ತಾನೆ. ಅದಿಲ್ಲದಿದ್ದರೆ ಆ ಹೊಣೆ ನೇರವಾಗಿ ನಮ್ಮ ತಲೆಯ ಮೇಲೆ, ಮತ್ತು ಆ ಮೊತ್ತ ಸಣ್ಣ ಕಾರ್ಖಾನೆಯೊಂದನ್ನು ಮುಚ್ಚಿಸುವಷ್ಟು ದೊಡ್ಡದಾಗಬಲ್ಲದು. ಮೆಡಿಕ್ಲೇಮ್ ಒಂದನ್ನೇ ನೆಚ್ಚುವವನು ಕಾರ್ಮಿಕ ಪರಿಹಾರದ ಪಾಲಿಸಿಯನ್ನೂ ಬೇರೆಯಾಗಿ ಕೊಳ್ಳಲೇಬೇಕು. ಏಜೆಂಟರ ಹೋಲಿಕೆಯ ಪಟ್ಟಿಯಲ್ಲಿ ಈ ಖರ್ಚು ಕಾಣಿಸುವುದು ಅಪರೂಪ.

ಇನ್ನು ಚಿಕಿತ್ಸೆಗೆ ಬಂದರೆ, ಇಎಸ್‌ಐಯಲ್ಲಿ ಒಬ್ಬರಿಗೆ ಇಷ್ಟೇ ಎಂಬ ಖರ್ಚಿನ ಮಿತಿಯಿಲ್ಲ. ಕೆಲಸಕ್ಕೆ ಸೇರಿದ ದಿನದಿಂದಲೇ ಸಾಮಾನ್ಯ ಚಿಕಿತ್ಸೆ ಲಭ್ಯ, ಹಳೆಯ ಸಕ್ಕರೆ ಕಾಯಿಲೆ, ಬಿಪಿ ಎಂಬ ತಕರಾರಿಲ್ಲ. ಸೂಪರ್ ಸ್ಪೆಷಾಲಿಟಿ ಚಿಕಿತ್ಸೆಗೆ ಮಾತ್ರ ಇಂತಿಷ್ಟು ಕಾಲದ ಸೇವೆ ಮತ್ತು ವಂತಿಗೆಯ ಷರತ್ತಿದೆ. ಸಂಗಾತಿ, ಮಕ್ಕಳು, ಅವಲಂಬಿತ ತಂದೆತಾಯಿ ಎಲ್ಲರೂ ಅದೇ ವಂತಿಗೆಯಲ್ಲಿ ಸೇರುತ್ತಾರೆ. ಖಾಸಗಿ ಗುಂಪು ವಿಮೆಯಲ್ಲಿ ತಂದೆತಾಯಿಯನ್ನು ಸೇರಿಸಿ ಎಂದು ಒಮ್ಮೆ ಕೇಳಿ ನೋಡಿ, ಪ್ರೀಮಿಯಮ್ಮಿನ ಅಂಕಿಯೇ ಬೇರೆಯಾಗುತ್ತದೆ. ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಒಡಿಶಾ, ಬಿಹಾರದಿಂದ ಬಂದ ಹುಡುಗರೇ ಹೆಚ್ಚಾಗಿರುವುದರಿಂದ ಇನ್ನೊಂದು ಮಾತು ಹೇಳಬೇಕು: ಊರಿನಲ್ಲಿಯೇ ಉಳಿದ ಕುಟುಂಬಕ್ಕೆ ಅಲ್ಲಿಯ ಡಿಸ್ಪೆನ್ಸರಿಯನ್ನು ಗುರುತು ಮಾಡಿಸಿಕೊಳ್ಳಲು ಇಎಸ್‌ಐಯಲ್ಲಿ ಅವಕಾಶವಿದೆ, ಆದರೆ ಹಾಗೆ ಮಾಡಿಸಬೇಕೆಂದು ಅವರಿಗೆ ತಿಳಿಸುವವರು ಯಾರೂ ಇರುವುದಿಲ್ಲ.

ಸರತಿಯ ದೂರು ಸುಳ್ಳಲ್ಲ

ಇಷ್ಟೆಲ್ಲ ಇದ್ದೂ ಕೆಲಸಗಾರರು ಇಎಸ್‌ಐ ಎಂದರೆ ಮುಖ ತಿರುಗಿಸುವುದಕ್ಕೆ ಕಾರಣಗಳಿವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಈ ವ್ಯವಸ್ಥೆ ಡಿಸ್ಪೆನ್ಸರಿಯಿಂದ ಆಸ್ಪತ್ರೆಗೆ, ಅಲ್ಲಿಂದ ಅಗತ್ಯವಿದ್ದರೆ ಒಪ್ಪಂದದ ಖಾಸಗಿ ಆಸ್ಪತ್ರೆಗೆ ಎಂಬ ಮೆಟ್ಟಿಲುಗಳ ಮೇಲೆ ನಿಂತಿದೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ವೈದ್ಯಕೀಯ ಕಾಲೇಜನ್ನು ಹೊಂದಿರುವ ದೊಡ್ಡ ಸಂಸ್ಥೆ. ಪೀಣ್ಯ ಮತ್ತು ಇಂದಿರಾನಗರದಲ್ಲಿಯೂ ಆಸ್ಪತ್ರೆಗಳಿವೆ. ಪೀಣ್ಯದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ರಾಜಾಜಿನಗರ ದೂರವಲ್ಲ. ಅದೇ ಆಸ್ಪತ್ರೆಗೆ ವೈಟ್‌ಫೀಲ್ಡಿನ ಹೋಟೆಲ್ ಕೆಲಸಗಾರ ಬರಬೇಕಾದರೆ ಒಂದು ದಿನದ ದುಡಿಮೆ ಬಿಟ್ಟಂತೆಯೇ. ಜ್ವರಕ್ಕೆ ಅರ್ಧ ದಿನ ಸರತಿಯಲ್ಲಿ ನಿಲ್ಲುವುದಕ್ಕಿಂತ ಬೀದಿಯ ಕ್ಲಿನಿಕ್ಕಿನಲ್ಲಿ ಕೈಯಿಂದ ಹಣ ಕೊಟ್ಟು ಬರುವುದೇ ಲೇಸು ಎಂದು ಅವನು ಎಣಿಸಿದರೆ ಅವನನ್ನು ದೂರುವಂತಿಲ್ಲ.

ತೊಂದರೆಗಳಲ್ಲಿ ಒಂದು ಭಾಗ ಮಾತ್ರ ಮಾಲೀಕನ ಮೇಜಿನ ಮೇಲೆಯೇ ಬಗೆಹರಿಯುವಂಥದ್ದು. ಕುಟುಂಬದವರ ಹೆಸರು ಸೇರಿಲ್ಲ, ಆಧಾರ್ ಜೋಡಣೆಯಾಗಿಲ್ಲ, ಬ್ಯಾಂಕ್ ಖಾತೆಯಲ್ಲಿನ ಹೆಸರಿಗೂ ದಾಖಲೆಯ ಹೆಸರಿಗೂ ಅಕ್ಷರ ವ್ಯತ್ಯಾಸವಿದೆ ಎಂಬ ಕಾರಣಗಳಿಗೇ ಎಷ್ಟೋ ಮಂದಿ ವಾಪಸಾಗುತ್ತಾರೆ. ಹೊಸಬನನ್ನು ಸೇರಿಸಿಕೊಂಡ ವಾರದಲ್ಲಿಯೇ ಇ-ಪೆಹಚಾನ್ ಕಾರ್ಡ್ (ಇಎಸ್‌ಐ ಗುರುತಿನ ಚೀಟಿ) ತೆಗೆದು, ಅದರಲ್ಲಿರುವ ಪ್ರತಿ ಹೆಸರನ್ನೂ ಅವನ ಎದುರಿಗೇ ಓದಿ ತಾಳೆ ನೋಡುವ ಪದ್ಧತಿಯನ್ನು ನಾನು ಇಟ್ಟುಕೊಂಡಿದ್ದೇನೆ. ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ತಡವಾದರೆ ಬಡ್ಡಿಯಿದೆ, ಮೇಲೆ ದಂಡವೂ ಬೀಳಬಹುದು. ಕೆಲಸಗಾರನ ಸಂಬಳದಿಂದ ಮುರಿದುಕೊಂಡ ಪಾಲನ್ನು ಕಟ್ಟದೆ ಇಟ್ಟುಕೊಳ್ಳುವುದಂತೂ ಕ್ರಿಮಿನಲ್ ಅಪರಾಧ.

ಖಾಸಗಿ ಗುಂಪು ಪಾಲಿಸಿಯನ್ನು ಓದುವ ಬಗೆ

ಖಾಸಗಿ ವಿಮೆಯ ನಿಜವಾದ ಬಲವಿರುವುದು ಆಸ್ಪತ್ರೆಯ ಆಯ್ಕೆಯಲ್ಲಿ ಮತ್ತು ಸಮಯದಲ್ಲಿ. ಮನೆಯ ಹತ್ತಿರದ ನೆಟ್‌ವರ್ಕ್ ಆಸ್ಪತ್ರೆಗೆ (ವಿಮಾ ಕಂಪನಿಯೊಡನೆ ಒಪ್ಪಂದವಿರುವ ಆಸ್ಪತ್ರೆಗೆ) ನೇರವಾಗಿ ಹೋಗಬಹುದು, ಯಾರ ಶಿಫಾರಸು ಪತ್ರವೂ ಬೇಡ. ಗುಂಪು ಪಾಲಿಸಿಯಾದರೆ ಹಳೆಯ ಕಾಯಿಲೆಗಳಿಗೂ ಮೊದಲ ದಿನದಿಂದ ರಕ್ಷಣೆ ಕೊಡುವಂತೆ ಮಾತಾಡಿಕೊಳ್ಳಬಹುದು. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ವಿಮಾ ಕಂಪನಿಗಳಿಗೆ ಸೂಚಿಸಿದೆ.

ಇದರ ದೌರ್ಬಲ್ಯ ಅಡಗಿರುವುದು ಷರತ್ತುಗಳ ಪುಟದಲ್ಲಿ. ಅಗ್ಗದ ಗುಂಪು ಪಾಲಿಸಿಗಳಲ್ಲಿ ಕೋಣೆ ಬಾಡಿಗೆಗೆ ವಿಮಾ ಮೊತ್ತದ ಶೇ 1 ಎಂಬ ಮಿತಿ ಇರುವುದು ಸಾಮಾನ್ಯ. ಐದು ಲಕ್ಷದ ಪಾಲಿಸಿಯಲ್ಲಿ ಇದು ದಿನಕ್ಕೆ 5,000 ರೂಪಾಯಿ. ರೋಗಿ 10,000 ರೂಪಾಯಿಯ ಕೋಣೆಯಲ್ಲಿ ನಾಲ್ಕು ದಿನ ಇದ್ದು, ಒಟ್ಟು ಬಿಲ್ಲು ಎರಡು ಲಕ್ಷವಾಯಿತು ಎನ್ನೋಣ: ಕೋಣೆಗೆ 40,000, ಔಷಧಕ್ಕೆ 50,000, ವೈದ್ಯರು, ಶಸ್ತ್ರಚಿಕಿತ್ಸೆ ಮುಂತಾದವಕ್ಕೆ 1,10,000. ಹೆಚ್ಚುವರಿ ಕೋಣೆ ಬಾಡಿಗೆಯ 20,000ವನ್ನು ಮಾತ್ರ ಕೈಯಿಂದ ಕೊಟ್ಟರಾಯಿತು ಎಂದು ಅನೇಕರು ಭಾವಿಸುತ್ತಾರೆ. ಅನುಪಾತದ ಕಡಿತದ, ಅಂದರೆ ಬಾಡಿಗೆ ಮಿತಿ ಮೀರಿದ ಪ್ರಮಾಣದಲ್ಲಿಯೇ ಇತರ ಬಾಬ್ತನ್ನೂ ಇಳಿಸುವ, ಷರತ್ತಿದ್ದರೆ ಕೋಣೆಯ ಜೊತೆಗೆ ವೈದ್ಯರ ಮತ್ತು ಶಸ್ತ್ರಚಿಕಿತ್ಸೆಯ ಬಾಬ್ತೂ ಅರ್ಧಕ್ಕೆ ಇಳಿಯುತ್ತದೆ. ಔಷಧಕ್ಕೆ ಮಾತ್ರ ಈ ಕಡಿತವಿಲ್ಲ. ಆಗ ಕಂಪನಿ ಕೊಡುವುದು 1,25,000, ಉಳಿದ 75,000 ರೋಗಿಯ ಪಾಲು. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಕೋಣೆ ದರವನ್ನು ಬಲ್ಲವರು ಈ ಒಂದು ಸಾಲನ್ನು ತೆಗೆಸಲು ಸ್ವಲ್ಪ ಹೆಚ್ಚು ಪ್ರೀಮಿಯಂ ಕೊಡಲು ಹಿಂಜರಿಯುವುದಿಲ್ಲ.

ಎರಡನೆಯ ದೌರ್ಬಲ್ಯ ನವೀಕರಣದ್ದು. ಸಾವಿರ ಮಂದಿಯ ಕಂಪನಿಯಲ್ಲಿ ಒಂದು ಬೈಪಾಸ್ ಶಸ್ತ್ರಚಿಕಿತ್ಸೆ ಲೆಕ್ಕದಲ್ಲಿ ಕರಗಿಹೋಗುತ್ತದೆ. ಹನ್ನೆರಡು ಮಂದಿಯ ಗುಂಪಿನಲ್ಲಿ ಅದೇ ಒಂದು ಕ್ಲೇಮು ಇಡೀ ವರ್ಷದ ಪ್ರೀಮಿಯಮ್ಮನ್ನು ನುಂಗಿಬಿಡುತ್ತದೆ, ಮುಂದಿನ ವರ್ಷದ ದರ ಏರುತ್ತದೆ. ಇಎಸ್‌ಐಯಲ್ಲಿ ನಮ್ಮ ಕೆಲಸಗಾರರು ಎಷ್ಟು ಚಿಕಿತ್ಸೆ ಪಡೆದರೂ ವಂತಿಗೆಯ ದರ ಶೇ 4ರಲ್ಲಿಯೇ ಇರುತ್ತದೆ. ಮೊದಲ ವರ್ಷದ ಕಡಿಮೆ ದರ ನೋಡಿ ಸಹಿ ಹಾಕುವ ಮೊದಲು, ಇಂಥದೇ ಗಾತ್ರದ ಗುಂಪುಗಳಿಗೆ ಮೂರನೆಯ ವರ್ಷದಲ್ಲಿ ಎಷ್ಟು ದರ ಹಾಕಿದ್ದೀರಿ ಎಂದು ಕೇಳುವುದು ವಾಸಿ. ಜೊತೆಗೆ, ಗುಂಪು ಪಾಲಿಸಿಯ ಪ್ರೀಮಿಯಂ ಮೇಲೆ ಶೇ 18 ಜಿಎಸ್‌ಟಿ ಮುಂದುವರಿದಿದೆ. 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಹೋದದ್ದು ವ್ಯಕ್ತಿಗತ ಮತ್ತು ಕುಟುಂಬ ಪಾಲಿಸಿಗಳಿಗೆ ಮಾತ್ರ.

ಗೆರೆಯ ಮೇಲೆ ನಿಂತವರು

ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತ್ಯಂತ ಕಷ್ಟದ ಸ್ಥಾನ 20,500 ಪಡೆಯುತ್ತಿರುವ ಸಿಎನ್‌ಸಿ ಆಪರೇಟರನದು. ಅವನಿಗೆ ಸಾವಿರ ರೂಪಾಯಿ ಬಡ್ತಿ ಕೊಟ್ಟರೆ ತಂದೆತಾಯಿಯ ಚಿಕಿತ್ಸೆ, ಕಾಯಿಲೆಯ ರಜೆಯ ಹಣ, ಅಪಘಾತದ ಪಿಂಚಣಿ ಎಲ್ಲವೂ ಕೈಬಿಡುತ್ತವೆ. ಕೆಲವರು ಬಡ್ತಿಯೇ ಬೇಡ ಎನ್ನುವುದೂ ಉಂಟು. ಇಲ್ಲಿ ನಿಯಮದೊಳಗೇ ಸ್ವಲ್ಪ ಅವಕಾಶವಿದೆ. ವಂತಿಗೆ ಅವಧಿಗಳು ಏಪ್ರಿಲ್‌ನಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಿಂದ ಮಾರ್ಚ್. ಅವಧಿ ಆರಂಭವಾದ ಮೇಲೆ ವೇತನ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೂ ಅವನು ವ್ಯಾಪ್ತಿಯಲ್ಲಿಯೇ ಇದ್ದು, ಹೊಸ ವೇತನದ ಮೇಲೆಯೇ ವಂತಿಗೆ ಕಟ್ಟಬೇಕಾಗುತ್ತದೆ. ಬಡ್ತಿ ಏಪ್ರಿಲ್ ಬದಲು ಮೇ ತಿಂಗಳಿನಲ್ಲಿ ಬಂದರೆ ಸೆಪ್ಟೆಂಬರ್ ಕೊನೆಯವರೆಗೆ ರಕ್ಷಣೆ ಉಳಿಯುತ್ತದೆ, ಮತ್ತು ಆ ಆರು ತಿಂಗಳ ವಂತಿಗೆಗೆ ಸಂಬಂಧಿಸಿದ ಸೌಲಭ್ಯದ ಅವಧಿ ಮುಂದಿನ ಜನವರಿಯಿಂದ ಜೂನ್‌ವರೆಗೆ ಬರುತ್ತದೆ. ಈ ಕಾಲಾವಕಾಶದಲ್ಲಿಯೇ ಅವನನ್ನು ಗುಂಪು ಪಾಲಿಸಿಗೆ ಸೇರಿಸಿ, ಅಪಘಾತಕ್ಕೆ ಬೇರೆ ಪಾಲಿಸಿ ಮಾಡಿಸಿಟ್ಟರೆ ನಡುವೆ ಖಾಲಿ ಬೀಳುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ವೇತನದ ವ್ಯಾಖ್ಯೆ ಬದಲಾಗಿ, ಭತ್ಯೆಗಳು ಒಟ್ಟು ಮೊತ್ತದ ಅರ್ಧವನ್ನು ಮೀರಿದರೆ ಮೀರಿದ ಭಾಗ ವೇತನವೆಂದೇ ಗಣನೆಯಾಗುವುದರಿಂದ, ಗೆರೆಯ ಆಚೀಚೆ ಯಾರಿದ್ದಾರೆ ಎಂಬುದನ್ನು ಆಡಿಟರ್ ಜೊತೆ ಕುಳಿತು ಹೊಸದಾಗಿ ನೋಡಬೇಕು.

ಹತ್ತಕ್ಕಿಂತ ಕಡಿಮೆ ಮಂದಿಯ ಅಂಗಡಿಗಳಿಗೆ ಇದೇ ಸಂಹಿತೆ, ಮಾಲೀಕ ಮತ್ತು ಬಹುಪಾಲು ಕೆಲಸಗಾರರು ಒಪ್ಪಿದರೆ, ಸ್ವಯಂಪ್ರೇರಿತವಾಗಿ ಇಎಸ್‌ಐ ಸೇರುವ ದಾರಿಯನ್ನು ತೆರೆದಿದೆ. ಸೇರದಿದ್ದರೆ ಕೆಲಸಗಾರರಿಗೆ ಉಳಿಯುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ: ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ ಒಂದೂವರೆ ಲಕ್ಷದವರೆಗೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಹೃದಯಕ್ಕೆ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ, ಮೂಳೆ ಮುರಿತಕ್ಕೆ ಸಂಜಯ ಗಾಂಧಿ ಸಂಸ್ಥೆ ಇರುವ ಈ ಊರಿನಲ್ಲಿ ಆ ಕಾರ್ಡನ್ನು ಕಡೆಗಣಿಸಬಾರದು. ಆದರೆ ಅದು ಸಂಬಳವನ್ನು ತುಂಬಿಕೊಡುವುದಿಲ್ಲ.

ಮಾಲೀಕನ ಪಾಲಿಗೆ

ಏಕಮಾಲೀಕತ್ವದ ಸಂಸ್ಥೆಯ ಒಡೆಯನೂ ಪಾಲುದಾರನೂ ಉದ್ಯೋಗಿಗಳಲ್ಲವಾದ್ದರಿಂದ ಇಎಸ್‌ಐ ಅವರಿಗೆ ಇಲ್ಲ. ಗುಂಪು ಪಾಲಿಸಿಯಲ್ಲಿ ತನ್ನ ಹೆಸರನ್ನೂ ಸೇರಿಸಿಕೊಂಡು ನಿಶ್ಚಿಂತನಾಗುವ ಮಾಲೀಕ, ಉದ್ಯಮ ನಿಂತ ದಿನ ಆ ಪಾಲಿಸಿಯೂ ನಿಲ್ಲುತ್ತದೆ ಎಂಬುದನ್ನು ನೆನಪಿಡಬೇಕು. ಐವತ್ತೈದರ ವಯಸ್ಸಿನಲ್ಲಿ, ಬಿಪಿ ಮಾತ್ರೆಗಳ ಜೊತೆಗೆ, ಹೊಸ ಪಾಲಿಸಿ ಹುಡುಕುವುದು ಸುಲಭವಲ್ಲ. ಕೊಂಡರೂ ಹಳೆಯ ಕಾಯಿಲೆಗಳಿಗೆ ಮೂರು ವರ್ಷಗಳವರೆಗೆ ಕಾಯಿಸಬಹುದು. ಆದ್ದರಿಂದ ನಲವತ್ತರೊಳಗೆ ಮನೆಯವರೆಲ್ಲ ಒಂದೇ ವಿಮಾ ಮೊತ್ತವನ್ನು ಹಂಚಿಕೊಳ್ಳುವ ಒಂದು ಕುಟುಂಬ ಫ್ಲೋಟರ್ ಪಾಲಿಸಿಯನ್ನು ತನ್ನ ಹೆಸರಿನಲ್ಲಿ ಬೇರೆಯಾಗಿ ಆರಂಭಿಸಿ, ಅದರ ಮೇಲೆ ಸೂಪರ್ ಟಾಪ್‌ಅಪ್ (ನಿಗದಿತ ಮೊತ್ತ ಮೀರಿದ ಖರ್ಚನ್ನು ಭರಿಸುವ ಹೆಚ್ಚುವರಿ ಪಾಲಿಸಿ) ಜೋಡಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮ. ಈಗ ಅದಕ್ಕೆ ಜಿಎಸ್‌ಟಿಯೂ ಇಲ್ಲ. ಅರ್ಜಿಯಲ್ಲಿ ಇರುವ ಕಾಯಿಲೆಗಳನ್ನೆಲ್ಲ ಬರೆದುಬಿಡಬೇಕು, ಏಜೆಂಟ್ ಬೇಡವೆಂದರೂ. ಅರವತ್ತು ತಿಂಗಳು ಸತತವಾಗಿ ನಡೆದ ಪಾಲಿಸಿಯನ್ನು ವಂಚನೆಯ ಹೊರತು ಬೇರೆ ಕಾರಣಕ್ಕೆ ಪ್ರಶ್ನಿಸುವಂತಿಲ್ಲ, ಆದರೆ ಆ ಅರವತ್ತು ತಿಂಗಳು ದಾಟುವವರೆಗೆ ಮುಚ್ಚಿಟ್ಟ ಒಂದು ಸಾಲೇ ಕ್ಲೇಮು ತಿರಸ್ಕರಿಸಲು ಸಾಕು.

ಕ್ಲೇಮು ತಿರಸ್ಕಾರವಾದಾಗ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. 50 ಲಕ್ಷ ರೂಪಾಯಿವರೆಗಿನ ವಿವಾದಗಳನ್ನು ಅಲ್ಲಿ ಶುಲ್ಕವಿಲ್ಲದೆ, ವಕೀಲರಿಲ್ಲದೆ ವಿಚಾರಿಸುತ್ತಾರೆ. ಗುಂಪು ಪಾಲಿಸಿಯ ಸದಸ್ಯನಾದ ಕೆಲಸಗಾರನೂ ತನ್ನ ಹೆಸರಿನಲ್ಲಿಯೇ ದೂರು ಕೊಡಬಹುದು. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕಾದ್ದರಿಂದ ತಿರಸ್ಕಾರದ ಪತ್ರ, ಬಿಡುಗಡೆ ಸಾರಾಂಶ, ಬಿಲ್ಲುಗಳ ಪ್ರತಿಯೊಂದನ್ನು ಕಾರ್ಖಾನೆಯ ಕಡತದಲ್ಲಿಯೂ ಇಟ್ಟುಕೊಳ್ಳುವುದು ಅನುಕೂಲ.